ರೀಸ್ಟಾರ್ಟ್ ಬಾಕಿ ಇದೆ ಅಂತ ಹೇಳಿದ್ರೆ ಸಾಕು

ಕಳೆದ ಫೆಸ್ಟ್‌ನ ರಿಜಿಸ್ಟ್ರೇಷನ್ ಸೈಟ್ ನೋಡಿಕೊಂಡಿದ್ದು ನಾವೇ, ಸೆಕೆಂಡ್ ಇಯರ್‌ನ ನಾಲ್ಕು ಜನ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದರ ಮ್ಯಾಕ್ಸ್ ಕನೆಕ್ಷನ್ಸ್ ಮುಟ್ಟದೆ ಬಿಟ್ಟರೆ ಸಾಮಾನ್ಯವಾಗಿ 100 ಇರತ್ತೆ. ಜನ ಜಾಸ್ತಿ ಬರ್ತಾರೆ ಅಂತ ಕಾನ್ಫಿಗ್ ಫೈಲ್‌ನಲ್ಲಿ 300 ಮಾಡಿ, ರೀಲೋಡ್ ಕೊಟ್ಟು, ಮೆಸ್‌ಗೆ ಊಟಕ್ಕೆ ಹೋದ್ವಿ. ರಾತ್ರಿ ಒಂಬತ್ತಕ್ಕೆ ರಿಜಿಸ್ಟ್ರೇಷನ್ ಓಪನ್. ಹತ್ತೇ ನಿಮಿಷಕ್ಕೆ ಲಾಗ್ ತುಂಬಾ ಒಂದೇ ಸಾಲು: 'ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ'. ಪಾಪ, ಸಾರಿ ಬೇರೆ ಕೇಳತ್ತೆ.

ಫೈಲ್‌ನಲ್ಲಿ 300, ಓಡ್ತಿರೋ ಸರ್ವರ್‌ನಲ್ಲಿ 100. ವರ್ಕ್ ಮೆಮ್ ಥರದ ಸೆಟ್ಟಿಂಗ್‌ಗೆ ರೀಲೋಡ್ ಸಾಕು. ಮ್ಯಾಕ್ಸ್ ಕನೆಕ್ಷನ್ಸ್‌ಗೆ ಬೇಕಾದ ಶೇರ್ಡ್ ಮೆಮೊರಿಯನ್ನ ಸರ್ವರ್ ಶುರುವಾಗುವಾಗಲೇ ಎತ್ತಿಡುತ್ತೆ, ಹಾಗಾಗಿ ರೀಸ್ಟಾರ್ಟ್ ಆಗಲೇಬೇಕು. ಗಾಬರಿಯಲ್ಲಿ ಆಗಲೇ ರೀಸ್ಟಾರ್ಟ್ ಹೊಡೆದ್ವಿ. ಪೇಮೆಂಟ್ ಮಧ್ಯೆ ಇದ್ದ ಎರಡು ಟೀಮ್‌ಗಳ ದುಡ್ಡು ಕಟ್ ಆಯ್ತು, ಹೆಸರು ಮಾತ್ರ ಲಿಸ್ಟ್‌ಗೆ ಬರಲಿಲ್ಲ. ಮೂರು ದಿನ ಅವರಿಗೆ ಮುಖ ತೋರಿಸೋಕೆ ಆಗಿರಲಿಲ್ಲ.

ಆಮೇಲಿನ ಮೀಟಿಂಗ್‌ನಲ್ಲಿ ಬಂದ ಸಲಹೆ: ಫೈಲ್ ಬದಲಾದ ಕೂಡಲೇ ತಾನಾಗೇ ರೀಸ್ಟಾರ್ಟ್ ಆಗೋ ಹಾಗೆ ಮಾಡಿಬಿಡಿ. ಆನ್ಸಿಬಲ್‌ನಲ್ಲಿ ಒಂದು ಹ್ಯಾಂಡ್ಲರ್ ಬರೆದರೆ ಆಯ್ತು. ನಾವು ಇದಕ್ಕೆ ಒಪ್ಪಲ್ಲ. ಆ ಎರಡು ಟೀಮ್‌ಗಳ ದುಡ್ಡು ಸಿಕ್ಕಿಹಾಕಿಕೊಂಡಿದ್ದೇ ರೀಸ್ಟಾರ್ಟ್‌ನಿಂದ. ಅದನ್ನ ಯಾವಾಗ ಮಾಡಬೇಕು ಅನ್ನೋದು ಫೈಲ್ ಸೇವ್ ಮಾಡಿದ ಕ್ಷಣಕ್ಕೆ ಗೊತ್ತಿರಲ್ಲ. ಫೈಲ್‌ನಲ್ಲಿ ಏನಾದ್ರೂ ತಪ್ಪಿದ್ದರಂತೂ ನಿಂತ ಸರ್ವಿಸ್ ಮತ್ತೆ ಏಳೋದೇ ಇಲ್ಲ.

ಬೇಕಾಗಿರೋದು ಬರೀ ಒಂದು ಗುರುತು. ತಮಾಷೆ ಅಂದ್ರೆ ಪೋಸ್ಟ್‌ಗ್ರೆಸ್ ಅವತ್ತೇ ಅದನ್ನ ಹಾಕಿತ್ತು! ಪಿಜಿ ಸೆಟ್ಟಿಂಗ್ಸ್‌ನಲ್ಲಿ 'ಪೆಂಡಿಂಗ್ ರೀಸ್ಟಾರ್ಟ್' ಅಂತ ಒಂದು ಕಾಲಮ್ 9.5ನೇ ವರ್ಷನ್‌ನಿಂದಲೇ ಇದೆ. ಲಾಗ್‌ನಲ್ಲೂ ಬರೆದಿತ್ತು. ನೋಡಿದವರು ಯಾರು? ಉಬುಂಟುವಿನ ನೀಡ್‌ರೀಸ್ಟಾರ್ಟ್ ಇದಕ್ಕಿಂತ ವಾಸಿ. ಅಪ್‌ಡೇಟ್ ಆದಮೇಲೂ ಹಳೇ ಲೈಬ್ರರಿ ಇಟ್ಕೊಂಡೇ ಓಡ್ತಿರೋ ಸರ್ವಿಸ್‌ಗಳ ಪಟ್ಟಿಯನ್ನ ಕಣ್ಣೆದುರಿಗೇ ತಂದು ಹಿಡಿಯುತ್ತೆ.

ಯಾರೂ ನೋಡದ ಗುರುತು ಇದ್ದೂ ಇಲ್ಲದ ಹಾಗೆ ಅಂತ ಆ ಕಡೆಯವರು ಹೇಳೋದನ್ನ ಒಪ್ತೀವಿ. ಅದಕ್ಕೇ ಐದು ನಿಮಿಷಕ್ಕೊಮ್ಮೆ ಆ ಕಾಲಮ್ ನೋಡಿ, ಯಾವ ಸೆಟ್ಟಿಂಗ್ ಬಾಕಿ ಇದೆ ಅಂತ ನಮ್ಮ ಗ್ರೂಪ್‌ಗೆ ಹಾಕೋ ಸ್ಕ್ರಿಪ್ಟ್ ಬರೀತಿದ್ದೀವಿ. ಫೈಲ್ ಮುಟ್ಟಿದವರೇ ಟೈಮ್ ನೋಡಿ ರೀಸ್ಟಾರ್ಟ್ ಮಾಡಬೇಕು, ಅಲ್ಲಿವರೆಗೆ ಅದು ಅವರ ತಲೆ ಮೇಲೆ. ಇಂಟರ್ನಲ್ಸ್ ಮುಗಿದ ಶನಿವಾರ ಲ್ಯಾಬ್‌ನಲ್ಲಿ ಕೂತಿರ್ತೀವಿ. ಆಟೋ ರೀಸ್ಟಾರ್ಟೇ ಬೇಕು ಅನ್ನೋರು ಅಲ್ಲಿಗೇ ಬಂದು ಜಗಳ ಆಡಬಹುದು.