ಗುರಿಯರಿತ ಮದ್ದು

ಕ್ಯಾನ್ಸರಿನ ಹಳೆಯ ಮದ್ದುಗಳಲ್ಲಿ ಬಹುಪಾಲು ಕಳೆಯೊಡನೆ ಪೈರನ್ನೂ ಕೊಲ್ಲುವಂಥವು. ಬೇಗ ಇಬ್ಭಾಗವಾಗುವ ಜೀವಕೋಶವೆಲ್ಲ ಅವಕ್ಕೆ ಶತ್ರುವೇ. ರೋಗಿಯ ತಲೆಗೂದಲು ಉದುರುವುದು, ಬಾಯಿ ಹುಣ್ಣಾಗುವುದು ಅದರಿಂದಲೇ. ಕೆಟ್ಟ ಕೋಶವನ್ನಷ್ಟೇ ಗುರುತಿಸಿ ತಡೆಯುವ ಅಣುವನ್ನು ಮನುಷ್ಯನು ರಚಿಸಲಾರನೆ?

ರಚಿಸಬಹುದೆಂಬುದು ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಸಿದ್ಧವಾಯಿತು. ಕ್ರಾನಿಕ್ ಮಯಲಾಯ್ಡ್ ಲುಕೇಮಿಯಾ ಎಂಬ ಈ ರೋಗ ತಗುಲಿದವರು ಹಿಂದೆ ಕೆಲವೇ ವರ್ಷ ಬದುಕುತ್ತಿದ್ದರು. 1960ರಲ್ಲಿ ಫಿಲಡೆಲ್ಫಿಯಾದ ನೋವೆಲ್ ಮತ್ತು ಹಂಗರ್‌ಫರ್ಡ್, ಇಂಥವರ ರಕ್ತಕೋಶಗಳಲ್ಲಿ ಮೊಟಕಾದ ವರ್ಣತಂತುವೊಂದನ್ನು ಕಂಡರು. 9ನೆಯ ಮತ್ತು 22ನೆಯ ವರ್ಣತಂತುಗಳು ತುಣುಕುಗಳನ್ನು ಅದಲುಬದಲು ಮಾಡಿಕೊಂಡಿವೆಯೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿಕೊಟ್ಟರು. ಆ ಬೆಸುಗೆಯಿಂದ ಹುಟ್ಟುವ ಕಿಣ್ವಕ್ಕೆ ವಿರಾಮವೆಂಬುದಿಲ್ಲ. ಬಿಳಿಯ ರಕ್ತಕಣಗಳು ಹೆಚ್ಚುತ್ತಲೇ ಇರುವಂತೆ ಅದು ಸದಾ ಪ್ರಚೋದಿಸುತ್ತದೆ.

ಈ ಕಿಣ್ವವು ತನ್ನ ಕೆಲಸಕ್ಕೆ ಬೇಕಾದ ಫಾಸ್ಫೇಟನ್ನು ಎ.ಟಿ.ಪಿ. ಎಂಬ ಅಣುವಿನಿಂದ ಪಡೆಯುತ್ತದೆ. ಎ.ಟಿ.ಪಿ. ಬಂದು ಕೂರುವ ಗೂಡಿನಲ್ಲಿ ಬೇರೊಂದು ಅಣುವನ್ನು ಮೊದಲೇ ಕೂರಿಸಿದರೆ? ಸ್ವಿಟ್ಸರ್ಲೆಂಡಿನ ಸೀಬಾ-ಗೈಗಿ ಸಂಸ್ಥೆಯ ರಸಾಯನಜ್ಞರು ಅಂಥದೊಂದನ್ನು ತಿದ್ದಿ ತೀಡಿದರು. ಪುಟ್ಟದೊಂದು ಮೀಥೈಲ್ ಗುಂಪನ್ನು ಸೇರಿಸಿದುದೇ ತಡ, ಬೇಡದ ಮತ್ತೊಂದು ಕಿಣ್ವವನ್ನು ಕಾಡುವ ಅದರ ಚಾಳಿ ಅಡಗಿತು. ಅದೇ ಇಮ್ಯಾಟಿನಿಬ್. 1998ರಲ್ಲಿ ಅಮೆರಿಕದ ವೈದ್ಯ ಬ್ರಯನ್ ಡ್ರುಕರ್ ಅದನ್ನು ರೋಗಿಗಳಿಗೆ ಕೊಡಲಾರಂಭಿಸಿದರು. ತಕ್ಕ ಪ್ರಮಾಣದಲ್ಲಿ ಸೇವಿಸಿದ 54 ಮಂದಿಯಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜಸ್ಥಿತಿಗೆ ಮರಳಿತು.

ಆದರೂ ಇದು ರಾಮಬಾಣವಲ್ಲ. ಕಿಣ್ವವು ರೂಪ ಬದಲಿಸಿದರೆ ಗುಳಿಗೆ ಸೋಲುವುದುಂಟು. ಅನೇಕರು ಇದನ್ನು ವರ್ಷಗಟ್ಟಲೆ ಸೇವಿಸಬೇಕಾದುದರಿಂದ ಬೆಲೆಯೂ ಪ್ರಾಣದ ಪ್ರಶ್ನೆಯೇ. ಈ ಮದ್ದಿನ ಒಂದು ರೂಪಕ್ಕೆ ನೋವಾರ್ಟಿಸ್ ಸಂಸ್ಥೆ ಕೇಳಿದ ಪೇಟೆಂಟನ್ನು ನಮ್ಮ ಸುಪ್ರೀಂ ಕೋರ್ಟು 2013ರಲ್ಲಿ ನಿರಾಕರಿಸಿತು. ಕಡಿಮೆ ಬೆಲೆಯ ದೇಶೀಯ ಗುಳಿಗೆಗಳಿಗೆ ಹಾದಿ ತೆರೆದೇ ಉಳಿಯಿತು.