ಕುರಿ ಕಾಯಲು ಹೋಗು!

ಪಾಠ ಒಪ್ಪಿಸದ ಮಕ್ಕಳಿಗೆ ನಾನು ಎಷ್ಟೋ ಸಲ ಹೇಳಿದ್ದುಂಟು: “ಓದಲು ಮನಸ್ಸಿಲ್ಲದಿದ್ದರೆ ಕುರಿ ಕಾಯಲು ಹೋಗು.” ಆ ಮಾತನ್ನು ನುಂಗಿಕೊಳ್ಳಬೇಕಾದ ದಿನ ಬರುತ್ತದೆಂದು ತಿಳಿದಿರಲಿಲ್ಲ.

ಒಮ್ಮೆ ಫೆಬ್ರವರಿಯಲ್ಲಿ, ಬಿ.ಎ. ಓದುವಾಗಿನ ಗೆಳತಿಯ ಮಗಳ ಮದುವೆಗೆಂದು ಶಂಕರಪುರದಿಂದ ಬೈಲಹೊಂಗಲಕ್ಕೆ ಹೋಗಿದ್ದೆ. ಊರ ಹೊರಗೆ ಕಡಲೆ ಕಿತ್ತ ಹೊಲದಲ್ಲಿ ಕುರುಬರ ಮೂರು ಕುಟುಂಬಗಳು ಬೀಡುಬಿಟ್ಟಿದ್ದವು. ಗೆಳತಿ ಅಲ್ಲಿಗೆ ಕರೆದೊಯ್ದಳು.

ಬೀಡೆಂದರೆ ಒಂದು ಟಾರ್ಪಾಲು, ಮೂರು ಕಲ್ಲಿನ ಒಲೆ, ಮರಿಗಳನ್ನು ಕೂಡಿಹಾಕಲು ಬಲೆಯ ಬೇಲಿ, ಗಂಟುಮೂಟೆ ಹೊರುವ ಕುದುರೆ, ಎರಡು ನಾಯಿ. ಮಳೆಗಾಲ ಕಳೆದ ಮೇಲೆ ಇವರು ಕೊಯ್ಲಾದ ಹೊಲಗಳನ್ನು ಹುಡುಕುತ್ತಾ ಊರಿಂದೂರಿಗೆ ನಡೆಯುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ತರುಬಿದರೆ ಗೊಬ್ಬರ ಬೀಳುತ್ತದೆ. ರೈತ ಅದಕ್ಕೆ ಜೋಳವನ್ನೋ ಹಣವನ್ನೋ ಕೊಡುತ್ತಾನೆ.

ಗಂಡಸರು ಹಿಂಡಿನೊಂದಿಗೆ ಹೋಗಿದ್ದರು. ನೀರು ತರುವುದು, ರೊಟ್ಟಿ ಬಡಿಯುವುದು, ಎಳೆಮರಿಗಳ ಆರೈಕೆ, ಬೀಡು ಕಿತ್ತು ಕುದುರೆಗೆ ಹೇರುವುದು ಎಲ್ಲವೂ ಹೆಂಗಸರದೇ. ಹಿರಿಯಾಕೆ ಕರಿಕಂಬಳಿ ಹಾಸಿ ಕೂರಿಸಿದರು. ಕೇಳದೆಯೇ ರೊಟ್ಟಿ, ಚಟ್ನಿ ಬಂತು. “ಈ ಉಣ್ಣಿ ಈಗ ಯಾರಿಗೂ ಬ್ಯಾಡಾಗೇತ್ರೀ” ಎಂದರು. ಡೆಕ್ಕನಿ ಕುರಿಯ ಉಣ್ಣೆ ನೂತು, ಹುಣಸೆ ಬೀಜದ ಗಂಜಿ ಹಚ್ಚಿ ನೇಯ್ದ ಕಂಬಳಿ ಚಳಿ, ಮಳೆ ಎರಡನ್ನೂ ತಡೆಯುತ್ತದೆ. ಆದರೆ ಅಗ್ಗದ ಹೊದಿಕೆಗಳ ಮುಂದೆ ಅದನ್ನು ಕೇಳುವವರು ಕಡಿಮೆ. ಹಲವರು ಉಣ್ಣೆಯಿಲ್ಲದ ಕೆಂಪು ಯಳಗ ಕುರಿಗಳತ್ತ ತಿರುಗಿದ್ದಾರೆ.

ಸಂಜೆ ಹಿಂಡು ಮರಳಿತು. ಹನ್ನೊಂದರ ಹುಡುಗಿಯೊಬ್ಬಳು ಒಂದೊಂದೇ ಮರಿಯನ್ನೆತ್ತಿ ಅದರದರ ತಾಯಿಯ ಬಳಿ ಬಿಟ್ಟಳು. ನನ್ನ ಕಣ್ಣಿಗೆ ಎಲ್ಲವೂ ಒಂದೇ. ಅವಳು ಒಂದರಲ್ಲೂ ತಪ್ಪಲಿಲ್ಲ.

“ಎಷ್ಟನೇ ಕ್ಲಾಸಮ್ಮಾ?” ಎಂದೆ.

“ನಾಕನೇತ್ತ ತನಕ ಹೋಗಿದ್ನಿರಿ. ಸಾಲಿ ನಮ್ಮ ಜೋಡಿ ಬರೂದಿಲ್ಲಲ್ರೀ.”

ಮನೆಗೆ ಬಂದ ಮೇಲೆ ಬೇರೆ ದೇಶದ ಕುರಿಗಾಹಿಗಳ ಬಗ್ಗೆ ಓದಿದೆ. ಕಿರ್ಗಿಸ್ತಾನದ ಮುಸ್ಲಿಮ್ ಕುಟುಂಬಗಳು ಬೇಸಿಗೆಯಲ್ಲಿ ಕುರಿ, ಕುದುರೆಗಳೊಂದಿಗೆ ಸುಮಾರು 3,000 ಮೀಟರ್ ಎತ್ತರದ ಸೋನ್‌ಕುಲ್ ಸರೋವರದ ಹುಲ್ಲುಗಾವಲಿಗೆ ಏರುತ್ತವೆ. ಅದು ಶಾಲೆಗೆ ರಜೆಯ ಕಾಲ. ಹಾಗಾಗಿ ಮಕ್ಕಳೂ ಜೊತೆಗಿರುತ್ತಾರೆ. ನಮ್ಮ ಕುರುಬರ ಅಲೆದಾಟವೋ, ಶಾಲೆ ನಡೆಯುವ ತಿಂಗಳುಗಳಲ್ಲೇ. ಕಿರ್ಗಿಜ್ ಜನರ ಉಣ್ಣೆಯ ಗುಡಾರದ ನೆತ್ತಿಯ ಚೌಕಟ್ಟು ಆ ದೇಶದ ಧ್ವಜದಲ್ಲಿದೆ. 2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಘೋಷಿಸಿದೆ. ನನ್ನ ತರಗತಿಯಲ್ಲಿ ಮಾತ್ರ ಆ ಕಸುಬು ಬೈಗುಳವಾಗಿತ್ತು. ಪ್ರವಾದಿವರ್ಯರು(ಸ) ಮಕ್ಕಾದವರ ಕುರಿ ಕಾಯ್ದಿದ್ದರೆಂದು ಅದೇ ಮಕ್ಕಳಿಗೆ ಕಲಿಸಿದವಳೂ ನಾನೇ!

ಮರುದಿನ ಮಕ್ಕಳೆದುರು ತಪ್ಪೊಪ್ಪಿಕೊಂಡೆ. ಹಿಂದಿನ ಬೆಂಚಿನ ಹುಡುಗನೊಬ್ಬ ಮೆಲ್ಲಗೆ ಹೇಳಿದ, “ಟೀಚರ್, ನನಗೆ ಏಳು ಸಲ ಹೇಳಿದ್ದೀರಿ.” ನಾನು ಲೆಕ್ಕ ಇಟ್ಟಿರಲಿಲ್ಲ. ಅವನು ಇಟ್ಟಿದ್ದ.

ಸಹೋದರಿಯರೇ, ಈ ಮಾತು ನಿಮ್ಮ ಮನೆಯಲ್ಲೂ ಇದ್ದರೆ ಇಂದೇ ಬಿಟ್ಟುಬಿಡಿ. ಮಕ್ಕಳು ಲೆಕ್ಕ ಇಡುತ್ತಾರೆ.