ಮನೆ ನಿಮ್ಮದು, ಬೀಗದ ಕೈ ಯಾರದು?

ಕನ್ನಡದ ಯುವಕರೇ,

ಒಂದು ಪ್ರಶ್ನೆಗೆ ಉತ್ತರ ಕೊಡಿ. ನಿಮ್ಮ ಸಂಘದ ವೆಬ್‌ಸೈಟಿನ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ? ಪಾಸ್‌ವರ್ಡ್ ಯಾರ ಹತ್ತಿರ ಇದೆ? ಮುಂದಿನ ವರ್ಷ ಎಷ್ಟು ಹಣ ಕಟ್ಟಬೇಕು? ಗೊತ್ತಿಲ್ಲವೇ? ಹಾಗಾದರೆ ಅದು ನಿಮ್ಮ ವೆಬ್‌ಸೈಟೇ ಅಲ್ಲ! ಬಾವುಟ ನಿಮ್ಮದು, ನೆಲ ಬೇರೆಯವರದು!

ನವೆಂಬರ್ ಕನ್ನಡಿಗರನ್ನು ಬೈದು ಬೈದು ನಮ್ಮ ಗಂಟಲು ಬತ್ತಿದೆ. ಈಗ ನವೆಂಬರ್ ವೆಬ್‌ಸೈಟುಗಳು ಹುಟ್ಟಿಕೊಂಡಿವೆ. ರಾಜ್ಯೋತ್ಸವದ ದಿನ ಗಣ್ಯರ ಕೈಯಲ್ಲಿ ಉದ್ಘಾಟನೆ, ಮುಂದಿನ ನವೆಂಬರಿಗೆ ಸಮಾಧಿ! ಊರಿನ ಶಾಸನದ ಫೋಟೋ, ಹಿರಿಯರ ಮಾತು, ಚಳವಳಿಯ ಪತ್ರಿಕಾ ತುಣುಕು, ಎಲ್ಲವೂ ಮಣ್ಣುಪಾಲು. ಏಕೆ? ಯಾರ ಬಳಿ ಇಡುತ್ತಿದ್ದೇವೆ ಎಂದು ಯಾರೂ ಕೇಳಲಿಲ್ಲ. ಅಗ್ಗವಾಗಿ ಸಿಕ್ಕಿತು, ಹಾಕಿಸಿದರು!

ನಾನು ಓದಿದ್ದು ಪಿಯುಸಿ, ನಡೆಸುವುದು ಪ್ರೆಸ್ಸು. ಆದರೆ ಗಿರಾಕಿಯನ್ನು ಕಟ್ಟಿಹಾಕುವ ವಿದ್ಯೆ ನಮ್ಮ ಕಸುಬಿನಲ್ಲೂ ಇದೆ. ಪುಸ್ತಕದ ಡಿಟಿಪಿ ಫೈಲು ಪ್ರೆಸ್ಸಿನವನ ಕಂಪ್ಯೂಟರಿನಲ್ಲೇ ಉಳಿದರೆ ಮರುಮುದ್ರಣಕ್ಕೆ ಲೇಖಕ ಅವನ ಬಾಗಿಲಿಗೇ ಬರಬೇಕು, ಅವನು ಹೇಳಿದ ರೇಟೇ ಕೊಡಬೇಕು. ಹೋಸ್ಟಿಂಗ್ ವ್ಯಾಪಾರದಲ್ಲೂ ಇದೇ ಆಟ!

ಮೊದಲನೆಯದು ದರದ ಮೋಸ. ತಿಂಗಳಿಗೆ ಇಷ್ಟೇ ಎಂದು ದೊಡ್ಡಕ್ಷರ. ಮೂರು ನಾಲ್ಕು ವರ್ಷದ ಹಣ ಒಟ್ಟಿಗೆ ಕಟ್ಟಿದವರಿಗೆ ಮಾತ್ರ ಎಂದು ಸಣ್ಣಕ್ಷರ. ನವೀಕರಣದ ದಿನ ಹಲವು ಕಡೆ ದರ ಎರಡು ಪಟ್ಟು, ಮೂರು ಪಟ್ಟು! ಮೇಲೆ ಶೇ. 18 ಜಿಎಸ್‌ಟಿ. 'ಅನ್‌ಲಿಮಿಟೆಡ್' ಎಂಬುದೂ ಬುರುಡೆ. ಫೈಲುಗಳ ಸಂಖ್ಯೆಗೆ, ಪ್ರೊಸೆಸರ್ ಬಳಕೆಗೆ ಮಿತಿ ಷರತ್ತಿನ ಪುಟದಲ್ಲಿ ಅಡಗಿ ಕೂತಿರುತ್ತದೆ. ನಿಮ್ಮ ಸುದ್ದಿ ಹಬ್ಬಿ ಸಾವಿರಾರು ಜನ ಒಮ್ಮೆಗೇ ಬಂದ ದಿನವೇ ಸೈಟು ಮಲಗುತ್ತದೆ!

ಎರಡನೆಯದು ಹೆಸರು. ಹೆಸರು ಬೇರೆ, ಜಾಗ ಬೇರೆ. ಜಾಗ ಸರಿಯಿಲ್ಲದಿದ್ದರೆ ಬದಲಿಸಬಹುದು. ಹೆಸರು ಹೋದರೆ ಎಲ್ಲ ಹೋಯಿತು. ಡಾಟ್ ಕಾಮ್ ಹೆಸರಿನ ಅವಧಿ ಮುಗಿದರೆ ಕೆಲವು ವಾರ ಕಾಲಾವಕಾಶ ಉಂಟು. ಆಮೇಲೆ 30 ದಿನ ದಂಡ ತೆತ್ತು ಬಿಡಿಸಿಕೊಳ್ಳಬಹುದು. ಅದೂ ದಾಟಿದರೆ ಯಾರು ಬೇಕಾದರೂ ಕೊಳ್ಳಬಹುದು. ನಾಳೆ ಆ ಕನ್ನಡದ ಹೆಸರಿನಲ್ಲಿ ಇಸ್ಪೀಟು ಜೂಜು ನಡೆದರೆ ಯಾರನ್ನು ಬೈಯುತ್ತೀರಿ? ಆದ್ದರಿಂದ ಹೆಸರು ಸಂಘದ ಇಮೇಲಿನಲ್ಲೇ ನೋಂದಣಿಯಾಗಲಿ, ಸೈಟು ಮಾಡಿಕೊಟ್ಟ ಹುಡುಗನ ಇಮೇಲಿನಲ್ಲಿ ಬೇಡ.

ಮೂರನೆಯದು ಪುಕ್ಕಟೆಯ ಆಸೆ. ಜಿಯೋಸಿಟೀಸ್ ಪುಕ್ಕಟೆ ಜಾಗ ಕೊಟ್ಟಿತು. ಯಾಹೂ ಅದನ್ನು 1999ರಲ್ಲಿ ಕೊಂಡಿತು. 2009ರ ಅಕ್ಟೋಬರಿನಲ್ಲಿ ಜಪಾನ್ ಬಿಟ್ಟು ಉಳಿದೆಡೆ ಬಾಗಿಲು ಹಾಕಿತು, ಲಕ್ಷಾಂತರ ಜನರ ಪುಟ ಹಾರಿಹೋಯಿತು. ದುಡ್ಡು ಕೊಟ್ಟವರಾದರೂ ಕ್ಷೇಮವೇ? 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಬೇರೆಡೆ ಪ್ರತಿ ಇಟ್ಟುಕೊಳ್ಳದ ಅನೇಕರು ಕೈ ಸುಟ್ಟುಕೊಂಡರು. ಬ್ಯಾಕಪ್ ಕಂಪನಿಯ ಹೊಣೆ ಎಂದು ಮಲಗಬೇಡಿ. ತಿಂಗಳಿಗೊಮ್ಮೆ ಪೂರ್ತಿ ಪ್ರತಿ ಇಳಿಸಿಕೊಂಡು ಮನೆಯಲ್ಲಿಡಿ.

ಹಣ ಕಟ್ಟುವ ಮುಂಚೆ ಪರೀಕ್ಷೆ ಮಾಡಿ. ರಾತ್ರಿ ಹತ್ತಕ್ಕೆ ಫೋನು ಮಾಡಿ, ಎತ್ತುತ್ತಾರೋ ನೋಡಿ. ಕನ್ನಡದಲ್ಲೇ ಮಾತಾಡಿ; ನಮ್ಮ ದುಡ್ಡು ಬೇಕು, ನಮ್ಮ ನುಡಿ ಬೇಡವೇ? ಸರ್ವರ್ ಎಲ್ಲಿದೆ ಎಂದು ಕೇಳಿ. ಓದುಗರು ಇಲ್ಲಿರುವಾಗ ಸರ್ವರ್ ಅಮೆರಿಕದಲ್ಲಿದ್ದರೆ ಪುಟ ತೆರೆಯುವುದು ನಿಧಾನ. ಒತ್ತಕ್ಷರ ತುಂಬಿದ ಒಂದು ಪುಟ ಹಾಕಿ ನೋಡಿ. ಡೇಟಾಬೇಸು ಯೂನಿಕೋಡಿಗೆ ಒಗ್ಗದಿದ್ದರೆ ಕನ್ನಡದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ! ಎಸ್‌ಎಸ್‌ಎಲ್‌ಗೆ ಬೇರೆ ದುಡ್ಡು ಕೇಳಿದರೆ ಹೇಳಿ: ಲೆಟ್ಸ್ ಎನ್‌ಕ್ರಿಪ್ಟ್ ಪುಕ್ಕಟೆ ಕೊಡುತ್ತದೆ!

ಇನ್ನೊಂದು ಮಾತು. ಕೆಂಪು ಹಳದಿ ಬಣ್ಣ ಬಳಿದುಕೊಂಡು ಬಂದವನೆಲ್ಲ ನಮ್ಮವನಲ್ಲ. ಕನ್ನಡಿಗನ ಕಂಪನಿ ಇದ್ದರೆ ಸಂತೋಷ, ಮೊದಲ ಅವಕಾಶ ಅವನಿಗೇ. ಆದರೆ ಈ ಪ್ರಶ್ನೆಗಳನ್ನು ಅವನಿಗೂ ಕೇಳಿ. ಉತ್ತರ ಕೊಡದಿದ್ದರೆ ಎದ್ದು ಬನ್ನಿ. ಅಭಿಮಾನ ಬೇರೆ, ಲೆಕ್ಕ ಬೇರೆ!

ಗೆಳೆಯರೇ, ಬೀದಿಯಲ್ಲಿ ನಾಮಫಲಕಕ್ಕಾಗಿ ಹೋರಾಡುವ ನಾವು ನಮ್ಮದೇ ಹೆಸರಿನ ಫಲಕವನ್ನು ಪರರ ಕೈಗೆ ಬಿಡುವುದೇ? ಇವತ್ತೇ ಸಂಘದ ಸಭೆ ಕರೆಯಿರಿ. ಪಾಸ್‌ವರ್ಡ್, ನವೀಕರಣದ ದಿನ, ಬ್ಯಾಕಪ್, ಮೂರನ್ನೂ ನಡವಳಿ ಪುಸ್ತಕದಲ್ಲಿ ಬರೆಸಿ ಕಾರ್ಯದರ್ಶಿಯ ಸುಪರ್ದಿಗೆ ಕೊಡಿ. ಬೀಗದ ಕೈ ನಿಮ್ಮ ಸೊಂಟದಲ್ಲಿರಲಿ!